ತೊಂಬತ್ತೇಳನೇ ಪುಟದ ಇನ್ಸ್‌ಪೆಕ್ಟರ್

"ಅಂಟು ಹಚ್ಚೋನು ಅಂಟು ಹಚ್ಚಬೇಕಪ್ಪ. ಪುಸ್ತಕದ ಬೆನ್ನು ನಿಂದು, ಹೊಟ್ಟೆ ನಮ್ದು. ಒಳಗೆ ಏನಿದೆ ಅನ್ನೋದು ನಿಂಗ್ಯಾಕೆ?"

ಮುನ್ನುಡಿ ಮೇಷ್ಟ್ರು ಇದನ್ನು ಮೈಕಿನಲ್ಲಿ ಹೇಳಿದರು. ಮೈಕಿಲ್ಲದೆ ಹೇಳಿದ್ದರೆ ಮುಂದಿನ ಎರಡು ಸಾಲು ಮಾತ್ರ ನಗುತ್ತಿತ್ತು. ಈಗ ವಾಚನಾಲಯದ ಸಭಾಂಗಣದಲ್ಲಿ ಕೂತಿದ್ದ ನೂರಿಪ್ಪತ್ತು ಜನವೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಕಾವಲುಗಾರನಿಗೆ ಕಿವಿ ಅಷ್ಟಕ್ಕಷ್ಟೆ. ಎಲ್ಲರೂ ನಗುತ್ತಿದ್ದಾರಲ್ಲ ಎಂದು ಅವನೂ ನಕ್ಕ.

ಅಂಟಣ್ಣ ಮಾಡಿದ ಅಪರಾಧ ಇಷ್ಟೆ. ಅವನು ಪುಸ್ತಕ ಕಟ್ಟುವವನು, ಬೈಂಡರ್. ಆ ದಿನ ಬಿಡುಗಡೆಯಾದ ಎರಡು ಕಾದಂಬರಿಗಳನ್ನೂ ಕಟ್ಟಿದವನು ಅವನೇ. ಒಂದು ಹಲ್ಲಿನ ಡಾಕ್ಟರಮ್ಮ ಬರೆದ 'ನೀಲಿ ರೆಕ್ಕೆಯ ಅರಸ': ಮೋಡದ ಮೇಲಿನ ರಾಜ್ಯದ ಪ್ರೇಮಕಥೆ. ಇನ್ನೊಂದು ನಿವೃತ್ತ ರಿಜಿಸ್ಟ್ರಾರ್ ಸಾಹೇಬರು ಬರೆದ 'ನೀರಿನ ಟ್ಯಾಂಕಿನ ನಿಗೂಢ': ಪುಟಪುಟಕ್ಕೂ ಉಸಿರು ಬಿಗಿಹಿಡಿಸುವ ಕೊಲೆಯ ಕಥೆ. ಊರಿನಲ್ಲಿ ಯಾರೇ ಪುಸ್ತಕ ಬರೆದರೂ ಮುನ್ನುಡಿ ಬರೆಯುವ ಮೇಷ್ಟ್ರು ವೇದಿಕೆ ಹತ್ತಿ, "ಅಚ್ಚಾದ ಪ್ರತಿ ಕೈಗೆ ಬಂದದ್ದೇ ತಡ, ಎರಡನ್ನೂ ಈ ರಟ್ಟಿನಿಂದ ಆ ರಟ್ಟಿನವರೆಗೆ ಮತ್ತೊಮ್ಮೆ ಓದಿ ಮುಗಿಸಿಯೇ ಬಂದೆ. ತೊರೆಯಂತೆ, ಎಲ್ಲೂ ತಡೆಯಿಲ್ಲದೆ ಹರಿಯುತ್ತವೆ" ಎಂದು ನಲವತ್ತು ನಿಮಿಷ ಹರಿದರು.

ಹಿಂದಿನ ಸಾಲಿನಲ್ಲಿದ್ದ ಅಂಟಣ್ಣನಿಗೆ ಗಾಬರಿಯಾಯಿತು. ನಿಜವಾದ ಗಾಬರಿ. ಎದ್ದು ನಿಂತು ಕೈ ಎತ್ತಿದ.

"ಮೇಷ್ಟ್ರೇ, ನಿಮ್ಮ ಪ್ರತಿ ಬೆಳಿಗ್ಗೆ ಒಂಬತ್ತಕ್ಕೆ ನಾನೇ ತಂದ್ಕೊಟ್ಟೆ. ಅಂಟು ಇನ್ನೂ ಹಸಿ ಇತ್ತು. ಹಸಿ ಅಂಟಿನ ಪುಸ್ತಕಾನ ಆ ರಟ್ಟಿಂದ ಈ ರಟ್ಟಿನ ತನಕ ಬಿಚ್ಚಿದ್ರೆ ಬೆನ್ನು ಮುರಿದೋಗುತ್ತೆ. ಮುರಿದಿದ್ರೆ ಹೇಳಿ, ಬೇರೆ ಪ್ರತಿ ಕೊಡ್ತೀನಿ."

ಆಗ ಗಂಟೆ ಹನ್ನೊಂದೂಕಾಲು. ಎರಡು ಪುಸ್ತಕ ಸೇರಿ ನಾನೂರ ಎಂಬತ್ತು ಪುಟ. ಮುಂದಿನ ಸಾಲಿನವರು ಬೆರಳು ಮಡಚಿ ಲೆಕ್ಕ ಹಾಕತೊಡಗಿದ್ದು ಮೇಷ್ಟ್ರಿಗೆ ಕಂಡಿತು. ಅದಕ್ಕೇ ಬೆನ್ನು, ಹೊಟ್ಟೆಯ ಆ ಮಾತು.

ಅಂಟಣ್ಣನ ಮೈಯೆಲ್ಲ ಉರಿಯಿತು. ಅವನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬಿಟ್ಟದ್ದು ಶಾಲೆಯನ್ನು, ಓದನ್ನಲ್ಲ. ಆದರೆ ಈ ವ್ಯತ್ಯಾಸ ತಿಳಿಯಬೇಕಾದರೆ ಎದುರಿಗಿದ್ದವನೂ ಓದಿರಬೇಕು.

"ಒಳಗೇನಿದೆ ಅಂತ ನಾನೂ ಓದ್ತೀನಿ ಮೇಷ್ಟ್ರೇ. ಬೇಕಾದ್ರೆ ಬರೆದೂ ತೋರಿಸ್ತೀನಿ."

ಊರಿನ ವಾರಪತ್ರಿಕೆಯ ಸಂಪಾದಕರು ಮುಂದಿನ ಸಾಲಿನಲ್ಲೇ ಇದ್ದರು. ಅವರಿಗೆ ವಾರವಾರವೂ ಅರ್ಧ ಪುಟ ಖಾಲಿ ಉಳಿಯುತ್ತಿತ್ತು. "ಬರೀಲಿ ಬಿಡಿ ಮೇಷ್ಟ್ರೇ, ನಾನು ಹಾಕ್ತೀನಿ" ಎಂದರು.

"ಹಾಕಿ ಹಾಕಿ!" ಮೇಷ್ಟ್ರು ಮೈಕು ಇನ್ನೂ ಹತ್ತಿರ ಹಿಡಿದರು. "ಮುಂದಿನ ತಿಂಗಳ ಸಭೇಲಿ ಅದನ್ನ ನಾನೇ ಪರೀಕ್ಷೆ ಮಾಡ್ತೀನಿ. ಒಂದೇ ಒಂದು ತಪ್ಪು ಸಿಕ್ಕಿದ್ರೂ ಇವನು ಇದೇ ಮೈಕಿನ ಮುಂದೆ ನಿಂತು 'ಇನ್ನು ಪುಸ್ತಕದ ವಿಷಯ ಮಾತಾಡಲ್ಲ' ಅಂತ ಮೂರು ಸಲ ಹೇಳ್ಬೇಕು."

"ತಪ್ಪು ಸಿಗದಿದ್ರೆ?"

"ನಾನು ಹೇಳ್ತೀನಿ."

ಸಭೆ ಚಪ್ಪಾಳೆ ತಟ್ಟಿತು. ಯಾರಿಗೆ ತಟ್ಟಿದ್ದು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಇಬ್ಬರೂ ತಮಗೇ ಎಂದುಕೊಂಡರು.

ಅಂಟಣ್ಣ ಓದುವ ರೀತಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಅಚ್ಚಿನ ಮನೆಯಿಂದ ಬರುವ ದೊಡ್ಡ ಹಾಳೆ ಮಡಚಿದರೆ ಹದಿನಾರು ಪುಟದ ಒಂದು ಕಂತೆಯಾಗುತ್ತದೆ. ಅದಕ್ಕೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ಉದ್ದನೆ ಮೇಜಿನ ಮೇಲೆ ಸಾಲಾಗಿ ಪೇರಿಸಿ, ಸುತ್ತ ನಡೆಯುತ್ತಾ ಒಂದೊಂದೇ ಎತ್ತಿಕೊಂಡರೆ ಒಂದು ಪುಸ್ತಕ. ಅಂಟಣ್ಣ ಹನ್ನೊಂದು ವರ್ಷದಿಂದ ಆ ಮೇಜು ಸುತ್ತುತ್ತಿದ್ದ. ಊಟದ ಬಿಡುವಿನಲ್ಲಿ ಕೈಗೆ ಸಿಕ್ಕ ಫಾರಂ ಓದುತ್ತಿದ್ದ. ಇವತ್ತು ಐದನೇ ಫಾರಂ ಬಂದರೆ ಐದನೆಯದು, ನಾಳೆ ಎರಡನೆಯದು. ಹೀಗಾಗಿ ಅವನು ಓದಿದ ಕಥೆಗಳಲ್ಲಿ ಜನ ಮೊದಲು ಸಾಯುತ್ತಿದ್ದರು, ಆಮೇಲೆ ಮದುವೆಯಾಗುತ್ತಿದ್ದರು, ಕೊನೆಗೆ ಹುಟ್ಟುತ್ತಿದ್ದರು. ಕಥೆ ಎಲ್ಲಿಂದ ಎಲ್ಲಿಗೆ ಹಾರಿದರೂ ಅವನು ಹುಬ್ಬು ಏರಿಸುವವನಲ್ಲ.

ಅವನು ನಂಬುತ್ತಿದ್ದದ್ದು ಒಂದನ್ನೇ. ಪ್ರತಿ ಫಾರಂನ ಮೊದಲ ಪುಟದ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಗುರುತು ಇರುತ್ತದೆ: ಪುಸ್ತಕದ ಹೆಸರಿನ ಮೊದಲ ಅಕ್ಷರ, ಪಕ್ಕದಲ್ಲಿ ಫಾರಂನ ಸಂಖ್ಯೆ. ಗುರುತು ಸರಿಯಿದ್ದರೆ ಪುಸ್ತಕ ಸರಿ. ಹನ್ನೊಂದು ವರ್ಷದಲ್ಲಿ ಅವನ ಮೇಜಿನಿಂದ ಒಂದು ಫಾರಂ ತಪ್ಪಿ ಹೋದದ್ದಿಲ್ಲ. ಹಾಗೆಂದು ಅವನು ಊರಿಗೆಲ್ಲ ಹೇಳಿದ್ದ.

ಸೋಮವಾರ ಮಧ್ಯಾಹ್ನ ಅವನು ಜೀವನದಲ್ಲಿ ಮೊದಲ ಸಲ ಒಂದು ಪುಸ್ತಕವನ್ನು ಒಂದನೇ ಪುಟದಿಂದ ಓದತೊಡಗಿದ.

'ನೀಲಿ ರೆಕ್ಕೆಯ ಅರಸ' ಚೆನ್ನಾಗಿತ್ತು. ಅರಸನ ರೆಕ್ಕೆ ಹರಿದಿರುತ್ತದೆ. ಅದನ್ನು ಹೊಲಿಯಲು ಭೂಮಿಯಿಂದ ಒಬ್ಬ ಹುಡುಗಿ ಹೋಗುತ್ತಾಳೆ. ಸೂಜಿ ಚುಚ್ಚಿದಾಗಲೆಲ್ಲ ಅವನು ಅವಳ ಹೆಸರು ಹೇಳುತ್ತಾನೆ. ಹೊಲಿಗೆ ಬಲ್ಲ ಅಂಟಣ್ಣನಿಗೆ ಇದು ಹೃದಯಕ್ಕೇ ತಾಗಿತು. ತೊಂಬತ್ತಾರನೇ ಪುಟದ ಕೊನೆಯಲ್ಲಿ, "ಅವನ ತುಟಿಗಳು ಹತ್ತಿರ ಬಂದವು. ಅವಳು ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಎದುರಿಗೆ" ಎಂದಿತ್ತು.

ಪುಟ ತಿರುವಿದ.

"ಇನ್ಸ್‌ಪೆಕ್ಟರ್ ಟ್ಯಾಂಕಿನ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡ. 'ಸತ್ತು ಮೂರು ದಿನ ಆಗಿದೆ' ಎಂದ."

ಅಂಟಣ್ಣ ಪುಟವನ್ನು ಹಿಂದೆ ತಿರುವಿ, ಮತ್ತೆ ಮುಂದೆ ತಿರುವಿದ. ಅಭ್ಯಾಸಬಲದಿಂದ ಪುಟದ ಅಡಿ ನೋಡಿದ. 'ನೀ-೭'. ನೀಲಿ ರೆಕ್ಕೆ, ಏಳನೇ ಫಾರಂ. ಸರಿಯಾಗಿದೆ. ಮುಂದೆ ಓದಿದ. ಹದಿನಾರು ಪುಟ ಇನ್ಸ್‌ಪೆಕ್ಟರ್ ಮಹಡಿಮಹಡಿ ಹತ್ತಿ ಎಲ್ಲರನ್ನೂ ವಿಚಾರಿಸಿದ. ನೂರ ಹದಿಮೂರನೇ ಪುಟದಲ್ಲಿ ಅರಸನೂ ಹುಡುಗಿಯೂ ವಾಪಸು ಬಂದರು. "ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ" ಎಂದಿತ್ತು.

'ಹೆಣ ನೋಡಿದ ಮೇಲೆ ಯಾರು ತಾನೇ ಮಾತಾಡ್ತಾರೆ?' ಎಂದುಕೊಂಡ ಅಂಟಣ್ಣ. ಡಾಕ್ಟರಮ್ಮನ ಮೇಲಿನ ಗೌರವ ಇಮ್ಮಡಿಯಾಯಿತು.

ಬುಧವಾರ 'ನೀರಿನ ಟ್ಯಾಂಕಿನ ನಿಗೂಢ' ಹಿಡಿದ. ತೊಂಬತ್ತಾರನೇ ಪುಟ: "ಲಿಫ್ಟಿನ ಬಾಗಿಲು ತೆರೆಯಿತು. ಎದುರು ತಾರಸಿಯಲ್ಲಿ". ತೊಂಬತ್ತೇಳು: "ಒಂದು ನೀಲಿ ಗರಿ ಇತ್ತು. 'ನಿನಗಾಗಿ ಕಿತ್ತುಕೊಂಡೆ' ಎಂದು ಅವಳನ್ನು ಬರಸೆಳೆದು ಮುತ್ತಿಟ್ಟ." ಪುಟದ ಅಡಿ ನೋಡಿದ. 'ನೀ-೭'. ನೀರಿನ ಟ್ಯಾಂಕು, ಏಳನೇ ಫಾರಂ. ಸರಿಯಾಗಿದೆ.

ಎರಡೂ ಸರಿಯಾಗಿದ್ದ ಮೇಲೆ ಉಳಿದದ್ದು ಒಂದೇ ಅರ್ಥ. ಅದು ಬೇಕೆಂದೇ ಮಾಡಿದ್ದು.

ಮನೆಯಲ್ಲಿ ಅಕ್ಕ ಕಾಯುತ್ತಿದ್ದಳು. ಅಂಟಣ್ಣ ಇರುವುದು ಅಕ್ಕ, ಭಾವನ ಜೊತೆ. ಭಾವ ತೆರಿಗೆ ಕಚೇರಿಯಲ್ಲಿ ಟಪಾಲು ಗುಮಾಸ್ತ. ಅರಸನ ಕಥೆಯನ್ನು ಅಕ್ಕ ಅರ್ಧಕ್ಕೆ ಕೇಳಿಸಿಕೊಂಡಿದ್ದಳು, ಅಂದಿನಿಂದ ಅವಳಿಗೆ ಕೂತಲ್ಲಿ ನಿಂತಲ್ಲಿ ಅದೇ ಚಿಂತೆ.

"ಲೋ, ಮುತ್ತು ಕೊಟ್ಟನೇನೋ ಇಲ್ವೇನೋ?"

"ಕೊಟ್ಟ ಅಕ್ಕ. ಆದ್ರೆ ಈ ಪುಸ್ತಕದಲ್ಲಲ್ಲ. ಇನ್ನೊಂದು ಪುಸ್ತಕದಲ್ಲಿ."

ಅಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಹಾಗಂದ್ರೆ?"

"ಡಾಕ್ಟರಮ್ಮ ಶುರು ಮಾಡಿದ ಮುತ್ತನ್ನ ರಿಜಿಸ್ಟ್ರಾರ್ ಸಾಹೇಬ್ರು ಮುಗಿಸಿದಾರೆ. ಅವರು ಮುಚ್ಚಿಟ್ಟ ಹೆಣಾನ ಇವರು ಹುಡುಕಿಕೊಟ್ಟಿದಾರೆ."

"ಅಯ್ಯೋ ದಡ್ಡ!" ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇನ್ನೂ ಅರ್ಥ ಆಗ್ಲಿಲ್ವೇನೋ ನಿಂಗೆ? ಒಬ್ಬರ ಮುತ್ತು ಇನ್ನೊಬ್ಬರ ಪುಸ್ತಕದಲ್ಲಿ ಸುಮ್ಸುಮ್ನೆ ಹೋಗಿ ಕೂರುತ್ತಾ? ಏನೋ ನಡೀತಿದೆ ಕಣೋ ಇಬ್ಬರ ನಡುವೆ!"

ಭಾವ ಪೇಪರಿನಿಂದ ತಲೆ ಎತ್ತಿದರು. "ಅದೆಲ್ಲ ಇರಲಿ. ಕೊಲೆ ಮಾಡಿದ್ಯಾರು?"

"ಹೇಳಬಾರದು ಭಾವ. ವಿಮರ್ಶೆ ಬರೆಯೋನು ಅದನ್ನ ಯಾರಿಗೂ ಹೇಳಬಾರದು." ವಿಮರ್ಶಕನಾದ ಮೂರನೇ ದಿನಕ್ಕೇ ಅಂಟಣ್ಣನಿಗೆ ಕಾನೂನು ಗೊತ್ತಾಗಿತ್ತು.

ಗುರುವಾರ ಊಟ ಬಿಟ್ಟು ಬರೆದ. ಶನಿವಾರದ ಪತ್ರಿಕೆಯಲ್ಲಿ ಅರ್ಧ ಪುಟ ಬಂತು. ತಲೆಬರಹ: 'ಎರಡು ಪುಸ್ತಕ, ಒಂದೇ ಉಸಿರು'. ಅದರ ನಡುವಿನ ಭಾಗ ಹೀಗಿತ್ತು:

"ರೆಕ್ಕೆ ಇರುವ ಅರಸ ಮುತ್ತು ಕೊಡುವ ಹೊತ್ತಿಗೆ ಸರಿಯಾಗಿ ಇನ್ಸ್‌ಪೆಕ್ಟರನ್ನು ಒಳಗೆ ಬಿಡುವ ಧೈರ್ಯ ಈವರೆಗೆ ಯಾವ ಬರಹಗಾರರಿಗೂ ಬಂದಿಲ್ಲ. ಪ್ರೀತಿಯ ತಳದಲ್ಲಿ ಯಾವಾಗಲೂ ಒಂದು ಹೆಣ ತೇಲುತ್ತಿರುತ್ತದೆ ಎಂದು ಡಾಕ್ಟರಮ್ಮ ಹೇಳುತ್ತಾರೆ. ಕೊಲೆಯ ತನಿಖೆ ನಡೆಯುತ್ತಿದ್ದಾಗಲೂ ಯಾರೋ ಯಾರಿಗೋ ಮುತ್ತು ಕೊಡುತ್ತಿರುತ್ತಾರೆ ಎಂದು ಸಾಹೇಬರು ಉತ್ತರಿಸುತ್ತಾರೆ. ಇಬ್ಬರ ಹೃದಯಗಳೂ ತೊಂಬತ್ತೇಳನೇ ಪುಟದಲ್ಲಿ ಅದಲುಬದಲಾಗಿವೆ. ಬುದ್ಧಿವಂತರು ಅರ್ಥ ಮಾಡಿಕೊಳ್ಳಲಿ."

ಊರಿನಲ್ಲಿ ಬುದ್ಧಿವಂತರಿಗೆ ಕೊರತೆ ಇರಲಿಲ್ಲ. ಭಾನುವಾರದ ಹೊತ್ತಿಗೆ ಎಲ್ಲರಿಗೂ ಅರ್ಥವಾಗಿತ್ತು.

ಸೋಮವಾರ ಬೆಳಿಗ್ಗೆ ಅಂಟಣ್ಣ ರಟ್ಟು ಕತ್ತರಿಸುತ್ತಿದ್ದಾಗ ಡಾಕ್ಟರಮ್ಮನ ಯಜಮಾನರು ಬಂದರು. ಕನ್ನಡಕದ ಅಂಗಡಿಯವರು, ಮೃದು ಸ್ವಭಾವ. ಆ ದಿನ ಎರಡು ಕನ್ನಡಕ ಒಟ್ಟಿಗೆ ಹಾಕಿಕೊಂಡಿದ್ದರು: ಒಂದು ಕಣ್ಣಿಗೆ, ಒಂದು ನೆತ್ತಿಗೆ.

"ಅಂಟಣ್ಣ, ನಿಜ ಹೇಳು. ಯಾವಾಗಿಂದ ನಡೀತಿದೆ?"

"ತೊಂಬತ್ತೇಳನೇ ಪುಟದಿಂದ ಸಾರ್. ತೆಗೆದು ನೋಡಿ."

"ನೋಡೋಕಾಗಲ್ಲಪ್ಪ. ಅವಳು ಪುಸ್ತಕಾನ ಪ್ಲಾಸ್ಟಿಕ್ ಹೊದಿಕೆ ಸಮೇತ ಗಾಜಿನ ಬೀರುವಲ್ಲಿ ಇಟ್ಟಿದಾಳೆ. ಮುಟ್ಟಿದ್ರೆ ಬೆರಳಚ್ಚು ಬೀಳುತ್ತೆ ಅಂತಾಳೆ."

ಅವರು ಹೋಗಿ ಹತ್ತು ನಿಮಿಷಕ್ಕೆ ರಿಜಿಸ್ಟ್ರಾರ್ ಸಾಹೇಬರ ಮನೆಯವರು ಬಂದರು. ಅವರದು ಮೃದು ಸ್ವಭಾವವಲ್ಲ.

"ನಮ್ಮನೆಯವರು ಮೂವತ್ತು ವರ್ಷದಲ್ಲಿ ನಂಗೊಂದು ಚೀಟಿ ಬರೆದುಕೊಟ್ಟವರಲ್ಲ. ಈಗ ಹಲ್ಲು ಕೀಳೋಳಿಗೆ ಗರಿ ಕಿತ್ತುಕೊಡ್ತಾರಾ? ಮೂರು ತಿಂಗಳಲ್ಲಿ ಮೂರು ಹಲ್ಲು ಕೀಳಿಸ್ಕೊಂಡ್ರು! ನಾನು ಹಲ್ಲು ನೋವು ಅಂದ್ಕೊಂಡಿದ್ದೆ."

"ನೀವು ತೊಂಬತ್ತೇಳನೇ ಪುಟ..."

"ನಾನ್ಯಾಕೆ ಓದ್ಲಿ? ಅವರು ಬರೆಯೋವಾಗ ಒಂದೊಂದು ಸಾಲೂ ಗಟ್ಟಿಯಾಗಿ ಓದಿ ಹೇಳಿ ನನ್ನ ತಲೆ ತಿಂದಿದ್ದು ಸಾಲದಾ?"

ಮಧ್ಯಾಹ್ನ ಸಾಹೇಬರೇ ಬಂದರು. ದವಡೆ ಊದಿತ್ತು. ಹಲ್ಲಿನಿಂದಲೋ ಮನೆಯಿಂದಲೋ ತಿಳಿಯಲಿಲ್ಲ. "ಅಯ್ಯಾ, ನನ್ನ ಕಥೆಯಲ್ಲಿ ಅರಸನೂ ಇಲ್ಲ, ರೆಕ್ಕೆಯೂ ಇಲ್ಲ, ಮುತ್ತೂ ಇಲ್ಲ!"

"ಪುಸ್ತಕ ತೆಗೆದು ನೋಡಿ ಸಾರ್."

"ನಾನೇ ಬರೆದದ್ದನ್ನ ನಾನೇ ಯಾಕಯ್ಯ ಓದ್ಲಿ?"

ಅಂಟಣ್ಣ ಸಂಪಾದಕರ ಬಳಿ ಓಡಿದ. "ನಾನು ಪತ್ರಿಕೆ ಅಚ್ಚು ಹಾಕ್ತೀನಪ್ಪ, ಓದೋದು ಜನರ ಕೆಲಸ" ಎಂದರು. ತನ್ನ ಬೈಂಡಿಂಗ್ ಅಂಗಡಿಯ ಯಜಮಾನರ ಬಳಿ ಬಂದ. "ಹನ್ನೊಂದು ವರ್ಷ ನಂಬಿದೆ ನಿನ್ನ. ನನ್ನ ಕೈಗೆ ಪುಸ್ತಕ ಕೊಡಬೇಡ, ನಂಗೆ ಓದೋಕೆ ಪುರುಸೊತ್ತಿಲ್ಲ. ಸಭೇಲಿ ಮೇಷ್ಟ್ರು ಹೇಳಿದ ಹಾಗೆ ಮೂರು ಸಲ ಹೇಳಿ ಕೈಮುಗಿದುಬಿಡು, ಇಲ್ಲಾಂದ್ರೆ ಈ ಮೇಜಿಗೆ ಬೇರೆಯವರನ್ನ ನೋಡ್ಕೋತೀನಿ" ಎಂದರು.

ತೊಂಬತ್ತೇಳನೇ ಪುಟವನ್ನು ತೆಗೆದು ತೋರಿಸಿದರೆ ಮುಗಿದು ಹೋಗುವ ವಿಷಯ. ಆದರೆ ಇಡೀ ಊರಿನಲ್ಲಿ ಪುಸ್ತಕ ಬಿಡಿಸಲು ಒಂದು ಕೈ ಮುಂದೆ ಬರಲಿಲ್ಲ. ಎಲ್ಲರ ಮನೆಯಲ್ಲೂ ಪುಸ್ತಕವಿತ್ತು. ಎಲ್ಲರೂ ಅದನ್ನು ಕೊಂಡಿದ್ದರು, ಹಸ್ತಾಕ್ಷರ ಹಾಕಿಸಿದ್ದರು, ಕೆನ್ನೆಗೆ ಒತ್ತಿ ಫೋಟೋ ತೆಗೆಸಿಕೊಂಡಿದ್ದರು. ಇನ್ನು ಓದುವುದೂ ಅವರೇ ಆದರೆ ಹೇಗೆ!

ಸಭೆಯ ಹಿಂದಿನ ದಿನ, ಶನಿವಾರ, ಮೇಷ್ಟ್ರು ಅದೇ ಪತ್ರಿಕೆಯಲ್ಲಿ ಉತ್ತರ ಬರೆದರು. "ತೊಂಬತ್ತೇಳನೇ ಪುಟವನ್ನು ಎರಡೂ ಪುಸ್ತಕಗಳ ಅಚ್ಚಾದ ಪ್ರತಿಗಳಲ್ಲಿ ನಾನು ಮೂರು ಮೂರು ಸಲ ಓದಿದ್ದೇನೆ. ಮುತ್ತು ಅರಸನ ಕಥೆಯಲ್ಲಿದೆ, ಇನ್ಸ್‌ಪೆಕ್ಟರ್ ಟ್ಯಾಂಕಿನ ಕಥೆಯಲ್ಲಿದ್ದಾನೆ. ಬೈಂಡರ್ ಮಹಾಶಯರ ತಲೆಯಲ್ಲಿ ಎರಡೂ ಕಲಸಿಹೋಗಿವೆ. ಅಂಟಿನ ವಾಸನೆ ಹೆಚ್ಚು ಕುಡಿದರೆ ಹೀಗಾಗುತ್ತದೆ."

ಅಕ್ಕ ಅದನ್ನು ಓದಿ ಅತ್ತಳು. ಭಾವ ಸಮಾಧಾನ ಮಾಡಿದರು: "ಹೋಗ್ಲಿ ಬಿಡೋ. ಈಗಲಾದ್ರೂ ಹೇಳು, ಕೊಲೆ ಮಾಡಿದ್ಯಾರು?"

ಅಂಟಣ್ಣ ಅಳಲೂ ಇಲ್ಲ, ಹೇಳಲೂ ಇಲ್ಲ. 'ಓದಿದ್ದನ್ನೇ ಬರೆದಿದ್ದೇನೆ' ಎಂಬುದಷ್ಟೇ ಅವನಿಗೆ ಸಾಕಿತ್ತು.

ಭಾನುವಾರ ಸಭಾಂಗಣದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಸಾಹಿತ್ಯಕ್ಕೆ ಇಷ್ಟು ಜನ ಸೇರಿದ್ದನ್ನು ಕಂಡು ವಾಚನಾಲಯದ ಮೇಡಂ ಎರಡು ಫ್ಯಾನು ಹೆಚ್ಚಿಗೆ ಹಾಕಿಸಿದರು. ಡಾಕ್ಟರಮ್ಮ ವೇದಿಕೆಯ ಒಂದು ತುದಿಯಲ್ಲಿ, ಸಾಹೇಬರು ಇನ್ನೊಂದು ತುದಿಯಲ್ಲಿ, ಅವರ ಮನೆಯವರು ನಟ್ಟನಡುವೆ ಕುರ್ಚಿ ಎಳೆಸಿ ಕೂತಿದ್ದರು.

ಮೇಷ್ಟ್ರು ಮೈಕು ಕೈಗೆತ್ತಿಕೊಂಡರು. "ಬಾರಪ್ಪ ವಿಮರ್ಶಕ. ಮೂರು ಸಲ ಹೇಳು, ಮನೆಗೆ ಹೋಗೋಣ."

ಅಂಟಣ್ಣ ಮೆಟ್ಟಿಲು ಹತ್ತಿದ. "ಹೇಳ್ತೀನಿ ಮೇಷ್ಟ್ರೇ. ಮೊದಲು ನೀವು ಪುಸ್ತಕ ತೆಗೆದು ತೊಂಬತ್ತೇಳನೇ ಪುಟ ಓದಿ."

"ನಾನು ಮೂರು ಸಲ ಓದಿದೀನಿ!"

"ನಾಲ್ಕನೇ ಸಲ ಓದಿ."

ಮೇಷ್ಟ್ರು ಪುಸ್ತಕ ತಂದಿರಲಿಲ್ಲ. ವಾಚನಾಲಯದ ಮೇಡಂ ಕಪಾಟಿನಿಂದ ಎರಡೂ ಪ್ರತಿ ತಂದರು. 'ನೀಲಿ ರೆಕ್ಕೆಯ ಅರಸ'ನನ್ನು ಬಿಡಿಸಿದಾಗ ಬೆನ್ನು ಟಕ್ಕೆಂದು ಸದ್ದು ಮಾಡಿತು. ಯಾರೂ ಒಮ್ಮೆಯೂ ಬಿಡಿಸದ ಪುಸ್ತಕ ಮಾತ್ರ ಹಾಗೆ ಸದ್ದು ಮಾಡುತ್ತದೆ. ಅದು ಗೊತ್ತಿದ್ದದ್ದು ಅಂಟಣ್ಣನಿಗೆ ಒಬ್ಬನಿಗೇ. ಮೇಡಂ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು:

"ಇನ್ಸ್‌ಪೆಕ್ಟರ್ ಟ್ಯಾಂಕಿನ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡ..."

ಡಾಕ್ಟರಮ್ಮ ಚಂಗನೆ ಎದ್ದರು. "ಇದು ನಂದಲ್ಲ!"

"ಇದು ನಂದು!" ಎಂದರು ಸಾಹೇಬರು.

"ನಿಮ್ದಾದ್ರೆ ಅವರದ್ರಲ್ಲಿ ಏನ್ರೀ ಮಾಡ್ತಿದೆ?" ಎಂದು ಅವರ ಮನೆಯವರು ಕುರ್ಚಿ ತಿರುಗಿಸಿದರು.

ಮೇಡಂ ಇನ್ನೊಂದು ಪುಸ್ತಕ ಬಿಡಿಸಿದರು. ಅದರಲ್ಲೂ ಬೆನ್ನು ಟಕ್ಕೆಂದಿತು, ಅದರಲ್ಲೂ ಅರಸ ಮುತ್ತಿಟ್ಟ. ಸಭೆಯಲ್ಲಿ ತಮ್ಮ ತಮ್ಮ ಪ್ರತಿ ತಂದವರೆಲ್ಲ ಪುಟ ತಿರುವತೊಡಗಿದರು. ಟಕ್, ಟಕ್, ಟಕ್ ಎಂದು ನಲವತ್ತು ಐವತ್ತು ಬೆನ್ನುಗಳು ಒಂದಾದ ಮೇಲೊಂದು ಸದ್ದು ಮಾಡಿದವು. ಎಲ್ಲ ಪುಸ್ತಕಗಳಲ್ಲೂ ಅದೇ ಇನ್ಸ್‌ಪೆಕ್ಟರ್, ಅದೇ ಮುತ್ತು. ಒಂದು ತಿಂಗಳಿಂದ ಅವನು ಅಲ್ಲೇ ಮೂಗು ಮುಚ್ಚಿಕೊಂಡು ನಿಂತಿದ್ದ, ನೋಡಲು ಒಬ್ಬರೂ ಹೋಗಿರಲಿಲ್ಲ.

ಅಂಟಣ್ಣ ಎರಡೂ ಪ್ರತಿಗಳನ್ನು ಕೈಗೆ ತೆಗೆದುಕೊಂಡು ಪಕ್ಕಪಕ್ಕದಲ್ಲಿ ಹಿಡಿದ. ಇಷ್ಟು ದಿನ ಒಂದಾದ ಮೇಲೆ ಒಂದನ್ನು ನೋಡಿದ್ದನೇ ಹೊರತು ಹೀಗೆ ಒಟ್ಟಿಗೆ ನೋಡಿರಲಿಲ್ಲ. ಇಲ್ಲಿ 'ನೀ-೭'. ಅಲ್ಲಿ 'ನೀ-೭'. ಅವನ ಕಿವಿ ಕೆಂಪಾಯಿತು. ಒಂದು ಗಳಿಗೆ ಅವನಿಗೆ ವೇದಿಕೆಯ ಮೇಜಿನ ಕೆಳಗೆ ಹೋಗಿ ಕೂರಬೇಕು ಎನ್ನಿಸಿತು. ಆದರೆ ಮೇಜು ಚಿಕ್ಕದಿತ್ತು.

"ಕೇಳಿ," ಎಂದ. ಮೈಕಿಲ್ಲದೆಯೇ ಹೇಳಿದ, ಬಾಗಿಲವರೆಗೂ ಕೇಳಿತು. "ನೀಲಿ ರೆಕ್ಕೆಗೂ ನೀ, ನೀರಿನ ಟ್ಯಾಂಕಿಗೂ ನೀ. ಏಳನೇ ಫಾರಂನ ಎರಡು ರಾಶಿ ನನ್ನ ಮೇಜಿನ ಮೇಲೆ ಅದಲುಬದಲಾಗಿದೆ. ಎರಡು ಹೆಸರಿಗೂ ಮೊದಲ ಅಕ್ಷರ ಒಂದೇ ಅಂತ ನಾನು ನೋಡಬೇಕಿತ್ತು, ನೋಡ್ಲಿಲ್ಲ. ಡಾಕ್ಟರಮ್ಮ, ಸಾಹೇಬ್ರೇ, ನಿಮ್ಮಿಬ್ಬರ ನಡುವೆ ಏನೂ ಇಲ್ಲ. ಇದ್ದದ್ದು ನನ್ನ ಅಂಟು ಮಾತ್ರ. ಅಮ್ಮಾ, ಅವರ ಹಲ್ಲು ನಿಜವಾಗ್ಲೂ ನೋಯ್ತಿತ್ತು. ಕೈ ಮುಗಿದು ತಪ್ಪಾಯ್ತು ಅಂತೀನಿ. ಅಷ್ಟೂ ಪ್ರತಿ ನಾನೇ ಬಿಚ್ಚಿ ನಾನೇ ಕಟ್ಟಿಕೊಡ್ತೀನಿ."

ಸಾಹೇಬರ ಮನೆಯವರು ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದರು. ಸಾಹೇಬರು ಮೂರು ವಾರದಲ್ಲಿ ಮೊದಲ ಸಲ ದವಡೆ ಸಡಿಲಿಸಿದರು.

"ಕೇಳಿದ್ರಾ, ಕೇಳಿದ್ರಾ!" ಮೇಷ್ಟ್ರಿಗೆ ಜೀವ ಬಂತು. "ತಪ್ಪು ಒಪ್ಕೊಂಡ! ಈಗ ಮೂರು ಸಲ ಹೇಳು."

"ಪುಟ ತಪ್ಪಿದ್ದು ನನ್ನ ಕೈ, ಮೇಷ್ಟ್ರೇ. ಅದಕ್ಕೆ ಕೈ ಮುಗಿದೆ. ಓದಿದ್ದು ನನ್ನ ಕಣ್ಣು. ಕಣ್ಣು ತಪ್ಪಿಲ್ಲ. ನೀವು ಮೂರು ಸಲ ಓದಿದಾಗ ಇಲ್ಲಿ ಯಾರಿದ್ರು? ಅರಸನೋ, ಇನ್ಸ್‌ಪೆಕ್ಟರೋ?"

ಇಡೀ ಸಭೆ ಮೇಷ್ಟ್ರನ್ನು ನೋಡಿತು. ಮೇಷ್ಟ್ರು ಫ್ಯಾನನ್ನು ನೋಡಿದರು.

"ಅದು... ನನ್ನ ಪ್ರತಿಯಲ್ಲಿ..."

"ನಿಮ್ಮ ಪ್ರತಿಯನ್ನೂ ನಾನೇ ಕಟ್ಟಿದ್ದು."

ಡಾಕ್ಟರಮ್ಮ ಅಂಟಣ್ಣನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಅರಸನ ರೆಕ್ಕೆ ಹೊಲಿಯೋ ಜಾಗ... ಅದನ್ನ ಓದಿದ್ರಾ?"

"ಓದಿದೆ ಡಾಕ್ಟ್ರೇ. ಆದ್ರೆ ಆ ಹುಡುಗಿ ಒಂಟಿ ದಾರದಲ್ಲಿ ಹೊಲೀತಾಳೆ. ರೆಕ್ಕೆ ನಿಲ್ಲಲ್ಲ. ಜೋಡಿ ದಾರ ಹಾಕಿಸಿ."

ಡಾಕ್ಟರಮ್ಮ ಪೆನ್ನು ತೆಗೆದು ಅಂಗೈ ಮೇಲೆ 'ಜೋಡಿ ದಾರ' ಎಂದು ಬರೆದುಕೊಂಡರು. ಅಂಟಣ್ಣನ ಅಂಗಡಿಯ ಯಜಮಾನರು ಎದ್ದು ನಿಂತು, "ಮೇಜು ನಿಂದೇ ಕಣೋ" ಎಂದು ಕೂಗಿ, ಸಭೆ ತಮ್ಮನ್ನೇ ನೋಡಿದ್ದು ಕಂಡು ಕೂತರು. ಮೇಡಂ ಎದ್ದು, ಸರಿಯಾಗಿ ಕಟ್ಟಿದ ಪ್ರತಿಗಳು ಮುಂದಿನ ತಿಂಗಳು ಮತ್ತೆ ಬಿಡುಗಡೆಯಾಗುತ್ತವೆ, ಎರಡೂ ಕಥೆಗಳ ಕೊನೆಯ ಭಾಗದ ಮೇಲೆ ಮೇಷ್ಟ್ರು ವಿಶೇಷ ಉಪನ್ಯಾಸ ಕೊಡುತ್ತಾರೆ, ಸಭಿಕರು ಪ್ರಶ್ನೆ ಕೇಳಬಹುದು ಎಂದು ಪ್ರಕಟಿಸಿದರು. 'ಪ್ರಶ್ನೆ' ಎಂಬ ಪದವನ್ನು ಅವರು ಸ್ವಲ್ಪ ಒತ್ತಿ ಹೇಳಿದರು.

ಅಂಟಣ್ಣ ವೇದಿಕೆ ಇಳಿದು ನಡುದಾರಿಯಲ್ಲಿ ಹೊರಟ. ಮಾಡುವ ಕೆಲಸ ಸಾಕಷ್ಟಿತ್ತು. ಸಾವಿರ ಪುಸ್ತಕ ಬಿಚ್ಚಬೇಕು.

ಹಿಂದಿನಿಂದ ಮೇಷ್ಟ್ರು ಓಡೋಡಿ ಬಂದರು. ಮೈಕಿನ ತಂತಿ ಕುರ್ಚಿಗಳಿಗೆ ಸುತ್ತಿಕೊಂಡು ಅವರ ಹಿಂದೆಯೇ ಬಂತು. ಕೈಯಲ್ಲಿ ಮೈಕು ಇದೆ ಎಂಬುದೂ ಅವರಿಗೆ ಮರೆತಿತ್ತು. ಅಂಟಣ್ಣನ ತೋಳು ಹಿಡಿದು, ಕಿವಿಯ ಹತ್ತಿರ ಬಾಗಿ, ಪಿಸುಮಾತಿನಲ್ಲಿ ಕೇಳಿದರು. ಆ ಪಿಸುಮಾತು ನಾಲ್ಕು ಗೋಡೆಗೂ ಬಡಿದು, ಕಿವಿ ಅಷ್ಟಕ್ಕಷ್ಟೇ ಇದ್ದ ಕಾವಲುಗಾರನಿಗೂ ಕೇಳಿತು:

"ಅಂಟಣ್ಣಾ... ಸ್ವಲ್ಪ ನಿಲ್ಲಪ್ಪ. ಒಳಗೆ ಏನಿದೆ? ಕೊಲೆ ಮಾಡಿದ್ದು ಯಾರು?"

ಈ ಸಲ ಮೊದಲು ನಕ್ಕದ್ದು ಕಾವಲುಗಾರ. ಆಮೇಲೆ ಇಡೀ ಸಭೆ.

ಅಂಟಣ್ಣ ತೋಳು ಬಿಡಿಸಿಕೊಂಡ. ಬಾಗಿಲ ಬಳಿ ನಿಂತಿದ್ದ ಭಾವನೂ ಕಿವಿ ನಿಗುರಿಸಿ ಕಾದಿದ್ದರು. ಅವರನ್ನೂ ದಾಟಿ, ಮೆಟ್ಟಿಲು ಇಳಿದು, ಬೀದಿ ತಿರುಗಿ ಹೊರಟುಹೋದ.